ಮಹಮೂದ್ ಗವಾನ್

ಕರ್ನಾಟಕದ ಉತ್ತರದ ತುದಿಯಲ್ಲಿರುವ ಬೀದರ್ ಸೀಮೆಯು ಹಲವು ನಾಡುಗಳ ಜನ ಬಂದು ಕಲೆತ ನೆಲ. ಬೀದರಿನ ಪೇಟೆಯಲ್ಲಿ, ಭಾಲ್ಕಿಯ ಸಂತೆಯಲ್ಲಿ, ಔರಾದಿನ ಹಳ್ಳಿಗಳಲ್ಲಿ ಕನ್ನಡ, ಮರಾಠಿ, ಉರ್ದು, ತೆಲುಗು ನುಡಿಗಳು ಇಂದಿಗೂ ಒಂದರ ಪಕ್ಕದಲ್ಲೊಂದು ಕೇಳಿಬರುತ್ತವೆ. ಬಹಮನಿ ಸುಲ್ತಾನ ಅಹಮದ್ ಷಾ ವಲಿಯು ತನ್ನ ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ಸಾಗಿಸಿದ ಮೇಲೆ ಪರ್ಷಿಯ, ತುರ್ಕಿ, ಅರಬ್ ದೇಶಗಳಿಂದಲೂ ಯೋಧರು, ವರ್ತಕರು, ಕುಶಲಕರ್ಮಿಗಳು, ವಿದ್ವಾಂಸರು ಇಲ್ಲಿಗೆ ಬರತೊಡಗಿದರು. ಹಾಗೆ ಬಂದು, ಈ ನಾಡಿಗಾಗಿಯೇ ದುಡಿದು, ಈ ಮಣ್ಣಿನಲ್ಲಿಯೇ ಸೇರಿಹೋದವರಲ್ಲಿ ಮಹಮೂದ್ ಗವಾನನ ಹೆಸರು ಮೊದಲನೆಯದು.

ಗವಾನನು 1411ರಲ್ಲಿ ಪರ್ಷಿಯದ ಗೀಲಾನ್ ಪ್ರಾಂತದಲ್ಲಿ ಜನಿಸಿದನು. ಗೀಲಾನ್ ಕಾಸ್ಪಿಯನ್ ಸಮುದ್ರದ ದಡದಲ್ಲಿರುವ ಹಸಿರು ನಾಡು. ಆತನ ಪೂರ್ವಿಕರು ಅಲ್ಲಿಯ ಅರಸರ ಬಳಿ ಮಂತ್ರಿಗಳಾಗಿದ್ದರು. ಮನೆತನದ ಹಿರಿಮೆಯೇ ಹಗೆತನಕ್ಕೆ ಕಾರಣವಾಯಿತು. ಆಸ್ಥಾನದ ಒಳಸಂಚುಗಳಿಂದ ಬೇಸತ್ತ ಗವಾನನು ಹುಟ್ಟೂರನ್ನು ತೊರೆದು ವರ್ತಕನಾದನು. ಸರಕಿನೊಂದಿಗೆ ದೇಶದೇಶಗಳನ್ನು ಸುತ್ತಿ, ಹೋದಲ್ಲೆಲ್ಲ ವಿದ್ವಾಂಸರ ಸಹವಾಸ ಮಾಡಿದನು. 1453ರಲ್ಲಿ ಕೊಂಕಣದ ದಾಭೋಲ್ ಬಂದರಿನಲ್ಲಿ ಹಡಗಿನಿಂದಿಳಿದು ಬೀದರಿಗೆ ಬಂದಾಗ ಆತನಿಗೆ ನಲವತ್ತು ಮೀರಿತ್ತು. ಇಲ್ಲಿಯ ಸೂಫಿ ಸಂತರನ್ನು ಕಂಡು ಮುಂದೆ ದೆಹಲಿಗೆ ಹೋಗುವುದು ಆತನ ಉದ್ದೇಶವಾಗಿತ್ತು. ಆದರೆ ಆತನ ಜ್ಞಾನವನ್ನೂ ನಡತೆಯನ್ನೂ ಮೆಚ್ಚಿದ ಸುಲ್ತಾನ ಎರಡನೆಯ ಅಲಾವುದ್ದೀನ್ ಅಹಮದನು ಆತನನ್ನು ತನ್ನ ಸೇವೆಯಲ್ಲಿ ಇರಿಸಿಕೊಂಡನು.

ಮುಂದಿನ ಸುಲ್ತಾನನಾದ ಹುಮಾಯೂನನು ಗವಾನನಿಗೆ ವರ್ತಕರಲ್ಲಿ ಶ್ರೇಷ್ಠನೆಂಬ ಅರ್ಥದ ಮಲಿಕ್-ಉತ್-ತುಜ್ಜಾರ್ ಎಂಬ ಬಿರುದನ್ನಿತ್ತನು. 1461ರಲ್ಲಿ ಹುಮಾಯೂನನು ತೀರಿಕೊಂಡಾಗ ಪಟ್ಟವೇರಿದವನು ಎಳೆಯ ಬಾಲಕ. ಆಗ ರಾಜಮಾತೆಯ ನೇತೃತ್ವದಲ್ಲಿ ರಾಜ್ಯಭಾರ ನಡೆಸಿದ ಮೂವರಲ್ಲಿ ಗವಾನನೂ ಒಬ್ಬನಾಗಿದ್ದನು. ಮೂರನೆಯ ಮಹಮ್ಮದ್ ಷಾನ ಕಾಲದಲ್ಲಿ, 1466ರಲ್ಲಿ, ಆತನು ಪ್ರಧಾನಮಂತ್ರಿಯಾದನು. ಆತನ ಮುಂದಾಳುತನದಲ್ಲಿ ಬಹಮನಿ ಸೇನೆಯು 1472ರಲ್ಲಿ ಗೋವೆಯನ್ನು ಗೆದ್ದಿತು; ಅನಂತರ ಬೆಳಗಾವಿಯ ಕೋಟೆಯೂ ವಶವಾಯಿತು. ರಾಜ್ಯವು ಒಂದು ಕಡಲಿನಿಂದ ಇನ್ನೊಂದು ಕಡಲಿಗೆ ಹಬ್ಬಿತು.

ಗೆದ್ದುದನ್ನು ಉಳಿಸಿಕೊಳ್ಳುವುದು ಗೆಲ್ಲುವುದಕ್ಕಿಂತ ಕಷ್ಟವೆಂಬುದನ್ನು ಗವಾನನು ಅರಿತಿದ್ದನು. ರಾಜ್ಯದಲ್ಲಿ ನಾಲ್ಕೇ ಪ್ರಾಂತಗಳಿದ್ದುದರಿಂದ ಪ್ರಾಂತಾಧಿಕಾರಿಗಳು ಅರಸನಿಗೆ ಸರಿಸಮರಾಗಿ ಬೆಳೆದಿದ್ದರು. ಗವಾನನು ನಾಲ್ಕನ್ನು ಎಂಟಾಗಿ ವಿಂಗಡಿಸಿದನು. ಒಬ್ಬ ಪ್ರಾಂತಾಧಿಕಾರಿಯ ಕೈಯಲ್ಲಿ ಒಂದೇ ಕೋಟೆ ಇರತಕ್ಕದ್ದೆಂದೂ, ಉಳಿದ ಕೋಟೆಗಳಿಗೆ ಸುಲ್ತಾನನೇ ಅಧಿಕಾರಿಗಳನ್ನು ನೇಮಿಸತಕ್ಕದ್ದೆಂದೂ ನಿಯಮ ಮಾಡಿದನು. ಹೊಲಗಳನ್ನು ಅಳೆಸಿ, ಹಳ್ಳಿಗಳ ಎಲ್ಲೆಗಳನ್ನು ಗೊತ್ತುಪಡಿಸಿ, ಕಂದಾಯಕ್ಕೆ ಒಂದು ಕ್ರಮವನ್ನು ತಂದನು. ಇದರಿಂದ ಅಧಿಕಾರವನ್ನು ಕಳೆದುಕೊಂಡ ಸರದಾರರು ಆತನ ವೈರಿಗಳಾದರು.

ಬಹಮನಿ ಆಸ್ಥಾನದಲ್ಲಿ ಎರಡು ಪಕ್ಷಗಳಿದ್ದವು. ತಲೆಮಾರುಗಳಿಂದ ಇಲ್ಲಿಯೇ ನೆಲಸಿದವರೂ ಈ ನಾಡಿನವರೇ ಆದವರೂ ದಖನಿಗಳು. ಹೊರದೇಶಗಳಿಂದ ಹೊಸದಾಗಿ ಬಂದವರು ಆಫಾಕಿಗಳು. ಯಾರ ಮನೆತನ ಎಲ್ಲಿಯದೆಂಬ ಪ್ರಶ್ನೆಯೇ ಇವರ ನಡುವೆ ರಕ್ತಪಾತಕ್ಕೆ ಕಾರಣವಾದದ್ದುಂಟು. ಗವಾನನು ಆಫಾಕಿಯಾಗಿದ್ದರೂ ತನ್ನವರನ್ನಷ್ಟೇ ಮೇಲೆತ್ತಲಿಲ್ಲ. ಪ್ರಾಂತಗಳ ಅಧಿಕಾರವನ್ನು ಎರಡು ಪಕ್ಷದವರಿಗೂ ಹಂಚಿಕೊಟ್ಟನು. ಈ ನಾಡಿನ ಮೂಲದವರೇ ಆದ ಫತುಲ್ಲಾ ಇಮಾದ್-ಉಲ್-ಮುಲ್ಕ್ ಮತ್ತು ಮಲಿಕ್ ಹಸನ್ ಇಬ್ಬರೂ ಆತನ ಕಾಲದಲ್ಲಿ ದೊಡ್ಡ ಪದವಿಗಳಲ್ಲಿದ್ದರು.

ಗವಾನನ ಜೀವನಕ್ರಮವೂ ಗಮನಾರ್ಹವಾದುದು. ಆ ಕಾಲದಲ್ಲಿ ಬೀದರಿಗೆ ಬಂದಿದ್ದ ರಷ್ಯದ ಪ್ರವಾಸಿ ಅಫನಾಸಿ ನಿಕಿತಿನನು, ಇಲ್ಲಿಯ ಸರದಾರರು ವೈಭವದಲ್ಲಿ ಮೆರೆಯುತ್ತಿದ್ದರೂ ಹಳ್ಳಿಯ ಜನ ಬಡತನದಲ್ಲಿ ಬೇಯುತ್ತಿದ್ದರೆಂದು ಬರೆದಿದ್ದಾನೆ. ಗವಾನನಿಗೂ ಪದವಿಗೆ ತಕ್ಕ ಪರಿವಾರವಿತ್ತು. ಆದರೆ ಇತಿಹಾಸಕಾರ ಫೆರಿಷ್ತನ ಪ್ರಕಾರ, ಆತನು ತನ್ನ ಸ್ವಂತ ಖರ್ಚಿಗೆ ರಾಜ್ಯದ ಹಣವನ್ನು ಮುಟ್ಟುತ್ತಿರಲಿಲ್ಲ. ಬರುವಾಗ ತಂದಿದ್ದ ನಲವತ್ತು ಸಾವಿರ ಲಾರಿ ಎಂಬ ಬೆಳ್ಳಿಯ ನಾಣ್ಯಗಳನ್ನು ವ್ಯಾಪಾರದಲ್ಲಿ ತೊಡಗಿಸಿ, ಅದರ ಲಾಭದಿಂದ ದಿನಕ್ಕೆ ಹನ್ನೆರಡು ಲಾರಿಗಳಲ್ಲಿ ಮನೆಯ ವೆಚ್ಚವನ್ನು ತೂಗಿಸುತ್ತಿದ್ದನು. ಉಳಿದುದನ್ನು ಬಡವರಿಗೆ ಹಂಚುತ್ತಿದ್ದನು. ದೂರದ ನಾಡಿನಲ್ಲಿದ್ದ ತಾಯಿಗೂ ಬಂಧುಗಳಿಗೂ ಕಳುಹಿಸುತ್ತಿದ್ದನು. ಸಹೋದರನಿಗೂ ಮಕ್ಕಳಿಗೂ ಆತನು ಬರೆದ ಪತ್ರಗಳು ‘ರಿಯಾಜ್-ಉಲ್-ಇನ್ಷಾ’ ಎಂಬ ಗ್ರಂಥದಲ್ಲಿ ಉಳಿದುಬಂದಿವೆ. ಹುಟ್ಟಿದ ಮನೆಯ ಋಣವನ್ನು ಆತನು ಮರೆಯಲಿಲ್ಲ. ಅನ್ನವಿತ್ತ ನಾಡಿನ ಋಣವನ್ನೂ ಮರೆಯಲಿಲ್ಲ.

ಬೀದರಿನ ಮದರಸವು ಈ ಎರಡನೆಯ ಋಣವನ್ನು ತೀರಿಸಲೆಂದೇ ಕಟ್ಟಿಸಿದಂತಿದೆ. 1472ರಲ್ಲಿ ಪೂರ್ಣಗೊಂಡ ಈ ವಿದ್ಯಾಲಯವು 205 ಅಡಿ ಉದ್ದ, 180 ಅಡಿ ಅಗಲವುಳ್ಳ ಮೂರಂತಸ್ತಿನ ಕಟ್ಟಡ. ಪಾಠಶಾಲೆ, ಮಸೀದಿ, ಗ್ರಂಥಭಂಡಾರ, ಗುರುಶಿಷ್ಯರ ವಸತಿ ಎಲ್ಲವೂ ಒಂದೇ ಆವರಣದಲ್ಲಿದ್ದವು. ಗ್ರಂಥಭಂಡಾರದಲ್ಲಿ ಮೂರು ಸಾವಿರ ಹಸ್ತಪ್ರತಿಗಳಿದ್ದವೆಂದು ಹೇಳುತ್ತಾರೆ. ಮುಂಭಾಗದ ಗೋಡೆಯನ್ನೂ ಮಿನಾರನ್ನೂ ಪರ್ಷಿಯದ ರೀತಿಯ ಬಣ್ಣದ ಹೆಂಚುಬಿಲ್ಲೆಗಳಿಂದ ಅಲಂಕರಿಸಿದ್ದರು. ಪರ್ಷಿಯದ ಪ್ರಸಿದ್ಧ ಕವಿ ಜಾಮಿಯೊಡನೆಯೂ ಗವಾನನು ಪತ್ರವ್ಯವಹಾರ ಇಟ್ಟುಕೊಂಡಿದ್ದನು.

ವೈರಿಗಳು ಸುಮ್ಮನಿರಲಿಲ್ಲ. ಮಲಿಕ್ ಹಸನನೂ ಅವನ ಕಡೆಯವರೂ ಗವಾನನ ಮುದ್ರಾಧಿಕಾರಿಗೆ ಆಸೆ ತೋರಿಸಿ ಒಂದು ಬರಿಯ ಹಾಳೆಗೆ ಮುದ್ರೆ ಒತ್ತಿಸಿಕೊಂಡರು. ಒಡಿಶಾದ ಅರಸನನ್ನು ದಂಡೆತ್ತಿ ಬರುವಂತೆ ಗವಾನನೇ ಕರೆದಂತೆ ಅದರಲ್ಲಿ ಬರೆದು ಸುಲ್ತಾನನಿಗೆ ತೋರಿಸಿದರು. ಆಗ ಸುಲ್ತಾನನ ಬೀಡು ಆಂಧ್ರದ ಕೊಂಡಪಲ್ಲಿಯಲ್ಲಿತ್ತು. ಅರಮನೆಯ ಕರೆ ಬಂದಾಗ ಹಿತೈಷಿಗಳು ಹೋಗಬೇಡವೆಂದು ತಡೆದರೂ ಗವಾನನು ಹೋದನು. ಮುದ್ರೆ ತನ್ನದೆಂದೂ ಬರಹ ತನ್ನದಲ್ಲವೆಂದೂ ಅರಿಕೆ ಮಾಡಿಕೊಂಡನು. ಮದ್ಯದ ಅಮಲಿನಲ್ಲಿದ್ದ ಸುಲ್ತಾನನು ವಿಚಾರಣೆಯನ್ನೇ ನಡೆಸದೆ ಮರಣದಂಡನೆ ವಿಧಿಸಿದನು. 1481ರ ಏಪ್ರಿಲ್ 5ರಂದು, ಮೂವತ್ತು ವರ್ಷಗಳಿಗೆ ಸಮೀಪದ ಸೇವೆಯ ಕೊನೆಯಲ್ಲಿ, ಆ ವೃದ್ಧ ಮಂತ್ರಿಯ ತಲೆಯನ್ನು ಕಡಿಯಲಾಯಿತು.

ಬಳಿಕ ಮಂತ್ರಿಯ ಐಶ್ವರ್ಯವನ್ನು ವಶಪಡಿಸಿಕೊಳ್ಳಲು ಭಂಡಾರವನ್ನು ತೆರೆಸಿದಾಗ ಅಲ್ಲಿ ಸಿಕ್ಕಿದ್ದು ಅಲ್ಪ ಹಣ. ಸುಲ್ತಾನನಿಗೆ ನಿಜಸ್ಥಿತಿ ತಿಳಿಯಿತು. ಆದರೆ ಹೋದ ಜೀವ ಮರಳಲಿಲ್ಲ. ಪಶ್ಚಾತ್ತಾಪದಲ್ಲಿ ಬೆಂದ ಅವನು ಒಂದು ವರ್ಷದೊಳಗೆ, 1482ರಲ್ಲಿ, ತೀರಿಕೊಂಡನು. ಪ್ರಾಂತಾಧಿಕಾರಿಗಳು ಒಬ್ಬೊಬ್ಬರಾಗಿ ಸ್ವತಂತ್ರರಾದರು. ಬಹಮನಿ ರಾಜ್ಯವು ಬಿಜಾಪುರ, ಅಹಮದನಗರ, ಬೀರಾರ್, ಗೋಲ್ಕೊಂಡ, ಬೀದರ್ ಎಂದು ಐದಾಗಿ ಒಡೆಯಿತು.

ಔರಂಗಜೇಬನ ಕಾಲದಲ್ಲಿ, 1696ರಲ್ಲಿ, ಮದರಸದ ಒಂದು ಭಾಗ ಕುಸಿದುಬಿದ್ದಿತು. ಉಳಿದ ಮಿನಾರು ಮತ್ತು ಬಣ್ಣದ ಬಿಲ್ಲೆಗಳು ಬೀದರಿಗೆ ಬಂದವರ ಕಣ್ಣನ್ನು ಇಂದಿಗೂ ಸೆಳೆಯುತ್ತವೆ. ಗವಾನನ ಸರಳವಾದ ಸಮಾಧಿಯು ನಗರದ ಹೊರವಲಯದಲ್ಲಿದೆ. ಒಬ್ಬನು ಯಾವ ನಾಡಿನವನೆಂಬುದನ್ನು ವಂಶಾವಳಿಯನ್ನು ನೋಡಿ ತೀರ್ಮಾನಿಸಲು ಹೊರಟ ಆಸ್ಥಾನವು ತನ್ನ ಆಧಾರಸ್ತಂಭವನ್ನೇ ಕೆಡವಿಕೊಂಡಿತು. ಗೀಲಾನಿನ ಮಂತ್ರಿಮನೆತನದಲ್ಲಿ ಹುಟ್ಟಿದ ಮಹಮೂದ್ ಗವಾನನು ತಾನು ಮಾಡಿದ ಕೆಲಸದಿಂದ ಬೀದರಿನವನಾದನು.