ಸಮುದ್ರವಿಲ್ಲದ ಊರಿನಿಂದ ಬಂದು ಹಡಗು ಕಟ್ಟಿದ ವಾಲ್‌ಚಂದ್ ಹಿರಾಚಂದ್: ರಾಷ್ಟ್ರೀಯ ಕಡಲ ದಿನದ ಹಿಂದಿನ ಕಥೆ

ಹೈದರಾಬಾದ್, ಏಪ್ರಿಲ್ 5: ಪ್ರತಿ ವರ್ಷ ಏಪ್ರಿಲ್ 5ರಂದು ದೇಶದಲ್ಲಿ ರಾಷ್ಟ್ರೀಯ ಕಡಲ ದಿನ ಆಚರಿಸಲಾಗುತ್ತದೆ. 1919ರ ಇದೇ ದಿನ ಎಸ್‌ಎಸ್ ಲಾಯಲ್ಟಿ ಎಂಬ ಹಡಗು ಮುಂಬೈನಿಂದ ಲಂಡನ್‌ಗೆ ಹೊರಟಿತ್ತು. ಆ ಹಡಗನ್ನು ಕೊಂಡವರಲ್ಲಿ ಮುಂಚೂಣಿಯಲ್ಲಿದ್ದವರು ಸೊಲ್ಲಾಪುರದ ವಾಲ್‌ಚಂದ್ ಹಿರಾಚಂದ್. ಬೆಂಗಳೂರಿನ ಎಚ್‌ಎಎಲ್, ವಿಶಾಖಪಟ್ಟಣದ ಹಡಗುಕಟ್ಟೆ, ಮುಂಬೈ ಬೀದಿಗಳ ಪ್ರೀಮಿಯರ್ ಕಾರು, ಈ ಮೂರರ ಹಿಂದೆಯೂ ಇದ್ದದ್ದು ಇದೇ ವ್ಯಕ್ತಿ. ಆದರೂ ಟಾಟಾ, ಬಿರ್ಲಾ ಹೆಸರು ಗೊತ್ತಿರುವಷ್ಟು ಜನರಿಗೆ ಇವರ ಹೆಸರು ಗೊತ್ತಿಲ್ಲ.

ವಾಲ್‌ಚಂದ್ ಹುಟ್ಟಿದ್ದು 1882ರ ನವೆಂಬರ್ 23ರಂದು. ಸಿದ್ಧರಾಮೇಶ್ವರನ ಊರಾದ ಸೊಲ್ಲಾಪುರದಲ್ಲಿ ಅಂದಿಗೂ ಇಂದಿಗೂ ಕನ್ನಡ, ಮರಾಠಿ, ತೆಲುಗು ಮೂರೂ ಕಿವಿಗೆ ಬೀಳುತ್ತವೆ. ಗುಜರಾತ್ ಮೂಲದ ದಿಗಂಬರ ಜೈನ ಕುಟುಂಬ ಅವರದು. ತಂದೆ ಹಿರಾಚಂದ್ ದೋಶಿ ಲೇವಾದೇವಿ ಮತ್ತು ಹತ್ತಿ ವ್ಯಾಪಾರ ನಡೆಸುತ್ತಿದ್ದರು. ಮಗು ಹುಟ್ಟಿದ ಕೆಲವೇ ದಿನಗಳಲ್ಲಿ ತಾಯಿ ತೀರಿಕೊಂಡರು. ಮುಂಬೈ, ಪುಣೆಗಳಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ವಾಲ್‌ಚಂದ್ ಪದವಿ ಮುಗಿಸದೆ ಊರಿಗೆ ಮರಳಿದರು. ಮನೆಯ ವ್ಯಾಪಾರದಲ್ಲಿ ಕೂತರೂ ಅದು ಅವರಿಗೆ ಒಗ್ಗಲಿಲ್ಲ.

ನಿಜಾಮರ ಸೀಮೆಯಲ್ಲಿ ಮೊದಲ ಕೆಲಸ

ಫಾಟಕ್ ಎಂಬ ಮಾಜಿ ರೈಲ್ವೆ ಗುಮಾಸ್ತರ ಜೊತೆ ಸೇರಿ ವಾಲ್‌ಚಂದ್ ಗುತ್ತಿಗೆ ಕೆಲಸಕ್ಕೆ ಇಳಿದರು. ಅವರಿಗೆ ಸಿಕ್ಕ ಮೊದಲ ಕೆಲಸ ಬಾರ್ಶಿ ಲೈಟ್ ರೈಲ್ವೆಯ ಯೆಡಶಿ-ತಡವಳೆ ನಡುವಿನ ಸಣ್ಣ ಹಳಿ. ಈಗಿನ ಧಾರಾಶಿವ ಜಿಲ್ಲೆಯ ಈ ಭಾಗ ಆಗ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. ಮುಂದೆ ದೇಶಕ್ಕೆ ಹಡಗು ಕಟ್ಟಿಕೊಟ್ಟ ಮನುಷ್ಯ ಗುತ್ತಿಗೆಯ ಮೊದಲ ಪಾಠ ಕಲಿತದ್ದು ಒಂದು ಅಂಗುಲ ಕರಾವಳಿಯೂ ಇಲ್ಲದ ಸಂಸ್ಥಾನದಲ್ಲಿ!

ಆ ಕಾಲಕ್ಕೆ ದೊಡ್ಡ ರೈಲ್ವೆ ಗುತ್ತಿಗೆಗಳೆಲ್ಲ ಹೆಚ್ಚಾಗಿ ಯುರೋಪಿಯನ್ ಕಂಪನಿಗಳ ಪಾಲಾಗುತ್ತಿದ್ದವು. ವಾಲ್‌ಚಂದ್ ಒಂದೊಂದಾಗಿ ಅವುಗಳಲ್ಲಿ ಪಾಲು ಪಡೆದರು. ಮುಂಬೈ-ಪುಣೆ ಮಾರ್ಗದ ಭೋರ್ ಘಾಟ್ ಸುರಂಗಗಳು, ಮುಂಬೈಗೆ ನೀರು ತರುವ ತಾನ್ಸಾ ಕೊಳವೆ ಮಾರ್ಗ, ಸಿಂಧೂ ನದಿಯ ಮೇಲಿನ ಕಾಲಾಬಾಗ್ ಸೇತುವೆ ಅವರ ತಂಡಗಳ ಕೆಲಸ. 1926ರಲ್ಲಿ ಆರಂಭವಾದ ಹಿಂದೂಸ್ತಾನ್ ಕನ್‌ಸ್ಟ್ರಕ್ಷನ್ ಕಂಪನಿ ಇಂದಿಗೂ ಇದೆ.

ಮಹಾರಾಜರ ಬಿಳಿ ಹಡಗು

1919ರಲ್ಲಿ ರೈಲು ಪ್ರಯಾಣವೊಂದರಲ್ಲಿ ವಾಲ್‌ಚಂದರ ಕಿವಿಗೆ ಸುದ್ದಿಯೊಂದು ಬಿತ್ತು. ಗ್ವಾಲಿಯರ್‌ನ ಮಹಾರಾಜ ಮಾಧವರಾವ್ ಸಿಂಧಿಯಾ ತಮ್ಮ ಹಡಗನ್ನು ಮಾರಲಿದ್ದಾರೆ ಎಂಬುದೇ ಆ ಸುದ್ದಿ.

ಅದು ಸಾಧಾರಣ ಹಡಗಾಗಿರಲಿಲ್ಲ. ಇಂಗ್ಲೆಂಡಿನ ಬ್ಯಾರೋದಲ್ಲಿ ಕಟ್ಟಿ 1890ರಲ್ಲಿ ನೀರಿಗಿಳಿಸಿದಾಗ ಅದರ ಹೆಸರು ಎಂಪ್ರೆಸ್ ಆಫ್ ಇಂಡಿಯಾ. ಕೆನಡಿಯನ್ ಪೆಸಿಫಿಕ್ ಕಂಪನಿಗಾಗಿ ವ್ಯಾಂಕೂವರ್‌ನಿಂದ ಜಪಾನ್, ಹಾಂಗ್‌ಕಾಂಗ್‌ಗೆ ಸಿರಿವಂತ ಪ್ರಯಾಣಿಕರನ್ನು ಒಯ್ಯುತ್ತಿತ್ತು. ಮೈಯೆಲ್ಲ ಬಿಳಿ ಬಣ್ಣ, ಮುಂದಕ್ಕೆ ಚಾಚಿದ ಬಾಗಿದ ಮೂತಿ. ನೋಡಿದರೆ ಸರಕು ಹಡಗಿಗಿಂತ ಶ್ರೀಮಂತರ ವಿಹಾರ ನೌಕೆಯ ಹಾಗೆ ಕಾಣುತ್ತಿತ್ತು. ಮೊದಲ ಮಹಾಯುದ್ಧದ ಆರಂಭದಲ್ಲಿ ಮಹಾರಾಜರು ಅದನ್ನು ಕೊಂಡು, ಗಾಯಾಳು ಸೈನಿಕರಿಗೆ ಆಸ್ಪತ್ರೆ ಹಡಗಾಗಿ ಮಾಡಿ, ಲಾಯಲ್ಟಿ ಎಂದು ಹೆಸರಿಟ್ಟಿದ್ದರು. ಬ್ರಿಟಿಷರಿಗೆ ನಿಷ್ಠೆ ತೋರಿಸಲು ಇಟ್ಟ ಹೆಸರು ಅದು. ಅದೇ ಹಡಗು ಮುಂದೆ ಬ್ರಿಟಿಷ್ ಹಡಗು ಕಂಪನಿಗಳಿಗೆ ತಲೆನೋವಾಯಿತು.

ವಾಲ್‌ಚಂದ್ ತಡಮಾಡಲಿಲ್ಲ. ನರೋತ್ತಮ ಮೊರಾರ್ಜಿ, ಕಿಲಾಚಂದ್ ದೇವಚಂದ್, ಲಲ್ಲುಭಾಯಿ ಸಾಮಲದಾಸ್ ಅವರನ್ನು ಜೊತೆಗೂಡಿಸಿಕೊಂಡು ಹಡಗು ಕೊಂಡರು. 4.5 ಕೋಟಿ ರೂಪಾಯಿ ಬಂಡವಾಳದ ಗುರಿಯೊಂದಿಗೆ ಸಿಂಧಿಯಾ ಸ್ಟೀಮ್ ನ್ಯಾವಿಗೇಷನ್ ಕಂಪನಿ ಹುಟ್ಟಿತು. ಹಡಗಿನ ಹಳೆಯ ಒಡೆಯರ ಮನೆತನದ ಹೆಸರೇ ಕಂಪನಿಗೂ ಬಂತು.

ಇದು ಬರೀ ವ್ಯಾಪಾರದ ಲೆಕ್ಕವಾಗಿರಲಿಲ್ಲ. 1906ರಲ್ಲಿ ತೂತ್ತುಕುಡಿಯಲ್ಲಿ ವಿ.ಒ. ಚಿದಂಬರಂ ಪಿಳ್ಳೈ ಸ್ವದೇಶಿ ಹಡಗು ಕಂಪನಿ ಕಟ್ಟಿದ್ದರು. ಬ್ರಿಟಿಷ್ ಕಂಪನಿ ದರ ಇಳಿಸಿತು, ಸರ್ಕಾರ ಅವರನ್ನು ಜೈಲಿಗೆ ಹಾಕಿತು, ಕಂಪನಿ ಮುಚ್ಚಿತು. ಭಾರತೀಯರು ಹಡಗು ನಡೆಸಿದರೆ ಏನಾಗುತ್ತದೆ ಎಂಬುದಕ್ಕೆ ಅದು ಎಲ್ಲರಿಗೂ ನೆನಪಿದ್ದ ಉದಾಹರಣೆ.

ಸಿಂಧಿಯಾ ಕಂಪನಿಯ ವಿಷಯದಲ್ಲೂ ಅದೇ ಆಟ ಶುರುವಾಯಿತು. ಕರಾವಳಿ ಸರಕು ಸಾಗಣೆಯನ್ನು ಕೈಯಲ್ಲಿಟ್ಟುಕೊಂಡಿದ್ದ ಲಾರ್ಡ್ ಇಂಚ್‌ಕೇಪ್ ಅವರ ಬ್ರಿಟಿಷ್ ಇಂಡಿಯಾ ಕಂಪನಿ ದರವನ್ನು ಪಾತಾಳಕ್ಕಿಳಿಸಿತು. ಸಿಂಧಿಯಾವನ್ನೇ ಕೊಳ್ಳುವ ಮಾತೂ ಬಂತು. ವಾಲ್‌ಚಂದ್ ಮಾರಲು ಒಪ್ಪಲಿಲ್ಲ. ಆದರೆ ಪೂರ್ತಿ ಗೆಲ್ಲಲೂ ಆಗಲಿಲ್ಲ. 1923ರಲ್ಲಿ 10 ವರ್ಷಗಳ ಒಪ್ಪಂದಕ್ಕೆ ಸಹಿ ಬಿತ್ತು. ಕರಾವಳಿ ಸರಕಿನಲ್ಲಿ ಒಂದಿಷ್ಟು ಜಾಗ ಸಿಕ್ಕಿತು, ವಿದೇಶಿ ಮಾರ್ಗ ಮತ್ತು ಪ್ರಯಾಣಿಕರ ಸಾಗಣೆ ಕೈತಪ್ಪಿತು. ಇದನ್ನು ಶರಣಾಗತಿ ಎಂದು ಟೀಕಿಸಿದವರೂ ಇದ್ದರು. ಕಂಪನಿ ಉಳಿಯದೇ ಹೋಗಿದ್ದರೆ ಮುಂದಿನ ಹಡಗುಕಟ್ಟೆಯೂ ಇರುತ್ತಿರಲಿಲ್ಲ ಎಂಬುದೂ ಅಷ್ಟೇ ನಿಜ.

ಲಾಯಲ್ಟಿಯಿಂದ ಲಾಭವೇನೂ ಆಗಲಿಲ್ಲ. ಹಳೆಯದಾದ, ಖರ್ಚು ಜಾಸ್ತಿಯ ಹಡಗು ಅದು. 1923ರಲ್ಲಿ ಗುಜರಿಗೆ ಹೋಯಿತು. ಆದರೆ ಅದು ಹೊರಟ ದಿನವನ್ನು 1964ರಿಂದ ಕಡಲ ದಿನವಾಗಿ ಆಚರಿಸಲಾಗುತ್ತಿದೆ.

ಕಾರು ಕೇಳಲು ಹೋದವರು ವಿಮಾನ ತಂದರು

ಬೆಂಗಳೂರಿಗರಿಗೆ ಹತ್ತಿರದ ಅಧ್ಯಾಯ ಇದು. 1908ರ ಮೂಸಿ ಪ್ರವಾಹದ ನಂತರ ಹೈದರಾಬಾದ್ ನಗರವನ್ನು ಕಾಯುವ ಯೋಜನೆ ಕೊಟ್ಟ ಸರ್ ಎಂ. ವಿಶ್ವೇಶ್ವರಯ್ಯ, 1930ರ ದಶಕದಲ್ಲಿ ಭಾರತದಲ್ಲೇ ಕಾರು ತಯಾರಿಸುವ ಯೋಜನೆ ಹಿಡಿದು ಓಡಾಡುತ್ತಿದ್ದರು. ಅವರ ಜೊತೆ ಕೈಜೋಡಿಸಿದವರಲ್ಲಿ ವಾಲ್‌ಚಂದ್ ಮುಖ್ಯರು.

ಇದೇ ಕೆಲಸಕ್ಕೆ 1939ರಲ್ಲಿ ಅಮೆರಿಕಕ್ಕೆ ಹೋಗಿದ್ದ ವಾಲ್‌ಚಂದ್, ಮರಳುವಾಗ ಪೆಸಿಫಿಕ್ ದಾಟುವ ವಿಮಾನದಲ್ಲಿ ವಿಲಿಯಂ ಪಾಲಿ ಎಂಬ ಅಮೆರಿಕನ್ನರನ್ನು ಭೇಟಿಯಾದರು. ಪಾಲಿ ಚೀನಾದಲ್ಲಿ ವಿಮಾನ ಕಾರ್ಖಾನೆ ನಡೆಸುತ್ತಿದ್ದವರು. ಮಾತು ಕಾರಿನಿಂದ ವಿಮಾನಕ್ಕೆ ಹೊರಳಿತು. ಯುದ್ಧ ಶುರುವಾಗಿತ್ತು, ಬ್ರಿಟಿಷರಿಗೂ ಏಷ್ಯಾದಲ್ಲಿ ವಿಮಾನ ಬೇಕಿತ್ತು.

ಮೈಸೂರಿನ ದಿವಾನ ಸರ್ ಮಿರ್ಜಾ ಇಸ್ಮಾಯಿಲ್ ಬೆಂಗಳೂರಿನಲ್ಲಿ ಜಾಗ ಕೊಟ್ಟರು, ಸಂಸ್ಥಾನದ ಹಣವನ್ನೂ ಹೂಡಿದರು. 1940ರ ಡಿಸೆಂಬರ್ 23ರಂದು ಹಿಂದೂಸ್ತಾನ್ ಏರ್‌ಕ್ರಾಫ್ಟ್ ನೋಂದಣಿಯಾಯಿತು. 1941ರ ಆಗಸ್ಟ್‌ನಲ್ಲಿ ಹಾರ್ಲೋ ತರಬೇತಿ ವಿಮಾನ ಹಾರಿತು. ಎಂಟೇ ತಿಂಗಳು! ಸರ್ಕಾರಿ ಕಡತ ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಗಲು ಈಗಲೂ ಕೆಲವೊಮ್ಮೆ ಅಷ್ಟು ಸಮಯ ಬೇಕು.

ಆದರೆ ಜಪಾನ್ ಸೇನೆ ಭಾರತದ ಗಡಿಯತ್ತ ಬರುತ್ತಿದ್ದಂತೆ 1942ರಲ್ಲಿ ಸರ್ಕಾರ ವಾಲ್‌ಚಂದರ ಪಾಲನ್ನು ಖರೀದಿಸಿ ಕಾರ್ಖಾನೆಯನ್ನು ತನ್ನ ಕೈಗೆ ತೆಗೆದುಕೊಂಡಿತು. ಇಂದಿನ ಎಚ್‌ಎಎಲ್ ಅದೇ ಕಾರ್ಖಾನೆಯ ಮುಂದುವರಿಕೆ. ಕಾರಿನ ಕನಸನ್ನು ಮಾತ್ರ ಅವರು ಬಿಡಲಿಲ್ಲ. 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಸ್ಥಾಪನೆಯಾಯಿತು. ದಶಕಗಳ ಕಾಲ ಮುಂಬೈ ಟ್ಯಾಕ್ಸಿ ಎಂದರೆ ನೆನಪಾಗುತ್ತಿದ್ದ ಪದ್ಮಿನಿ ಅಲ್ಲಿಂದಲೇ ಬಂದದ್ದು.

ಬಾಂಬ್ ಬಿದ್ದರೂ ಬಿಡದ ಹಡಗುಕಟ್ಟೆ

ಕೊಂಡ ಹಡಗು ಓಡಿಸುವುದು ಬೇರೆ, ಹಡಗನ್ನೇ ಕಟ್ಟುವುದು ಬೇರೆ. ಸೂರತ್, ಮುಂಬೈಗಳಲ್ಲಿ ಒಂದು ಕಾಲಕ್ಕೆ ತೇಗದ ಹಡಗು ಕಟ್ಟುವ ವಿದ್ಯೆ ಇತ್ತು. ಉಕ್ಕು ಮತ್ತು ಉಗಿಯ ಕಾಲ ಬಂದ ಮೇಲೆ ಆ ಕೆಲಸ ಇಂಗ್ಲೆಂಡಿನ ಪಾಲಾಗಿತ್ತು. ವಾಲ್‌ಚಂದ್ ಮೊದಲು ಕೋಲ್ಕತ್ತಾದಲ್ಲಿ ಜಾಗ ಹುಡುಕಿದರು, ಆಗಲಿಲ್ಲ. ಕೊನೆಗೆ ವಿಶಾಖಪಟ್ಟಣ ಗೊತ್ತಾಯಿತು. 1941ರ ಜೂನ್ 21ರಂದು ಡಾ. ರಾಜೇಂದ್ರ ಪ್ರಸಾದ್ ಅಡಿಗಲ್ಲು ಹಾಕಿದರು.

ಒಂದು ವರ್ಷವೂ ತುಂಬಲಿಲ್ಲ. 1942ರ ಏಪ್ರಿಲ್ 6ರಂದು ಜಪಾನಿ ವಿಮಾನಗಳು ವಿಶಾಖಪಟ್ಟಣದ ಮೇಲೆ ಬಾಂಬ್ ಹಾಕಿದವು. ಯಂತ್ರಗಳನ್ನು ಕಿತ್ತು ಮುಂಬೈಗೆ ಸಾಗಿಸಬೇಕಾಯಿತು. ವಿಮಾನ ಕಾರ್ಖಾನೆ ಕೈತಪ್ಪಿದ್ದೂ ಅದೇ ತಿಂಗಳು. ಅರವತ್ತರ ಹೊಸ್ತಿಲಲ್ಲಿದ್ದ ಮನುಷ್ಯ ಎಲ್ಲವನ್ನೂ ಅಲ್ಲಿಗೇ ಕೈಬಿಟ್ಟಿದ್ದರೂ ಯಾರೂ ದೂರುತ್ತಿರಲಿಲ್ಲ.

ಅವರು ಯುದ್ಧ ಮುಗಿಯುವವರೆಗೆ ಕಾದರು. 1946ರ ಜೂನ್‌ನಲ್ಲಿ ಮೊದಲ ಹಡಗಿನ ಅಡಿಪಟ್ಟಿ ಇಟ್ಟರು. ಭಾರವಾದ ಉಕ್ಕಿನ ತಟ್ಟೆಗಳನ್ನು ಬಗ್ಗಿಸಿ, ಕೂಡಿಸುವ ಕೆಲಸ ಇಲ್ಲಿನ ಕಾರ್ಮಿಕರಿಗೆ ಬಹುಮಟ್ಟಿಗೆ ಹೊಸದು. 1948ರ ಮಾರ್ಚ್ 14ರಂದು ಪ್ರಧಾನಿ ಜವಾಹರಲಾಲ್ ನೆಹರು 8,000 ಟನ್ ಸಾಮರ್ಥ್ಯದ ಜಲ ಉಷಾವನ್ನು ನೀರಿಗಿಳಿಸಿದರು. ಸ್ವತಂತ್ರ ಭಾರತದಲ್ಲಿ ನೀರಿಗಿಳಿದ ಮೊದಲ ದೊಡ್ಡ ಸಾಗರಗಾಮಿ ಹಡಗು ಅದು. ಅದೇ ವರ್ಷ ಜಲ ಪ್ರಭಾ ಕೂಡ ನೀರಿಗಿಳಿಯಿತು.

ವಾಲ್‌ಚಂದರ ದೌರ್ಬಲ್ಯವೂ ಇಲ್ಲೇ ಕಾಣುತ್ತದೆ. ಒಂದು ಕೆಲಸ ಗಟ್ಟಿಯಾಗಿ ನೆಲೆಯೂರುವ ಮೊದಲೇ ಇನ್ನೊಂದಕ್ಕೆ ಕೈಹಾಕುವ ಸ್ವಭಾವ ಅವರದು. ಸಕ್ಕರೆ, ಹಡಗು, ವಿಮಾನ, ಕಾರು ಎಲ್ಲವೂ ಒಟ್ಟೊಟ್ಟಿಗೆ. ವಿದೇಶದಲ್ಲಿ ಕಟ್ಟಿಸಿದ್ದಕ್ಕಿಂತ ಇಲ್ಲಿ ಕಟ್ಟಿದ ಹಡಗು ದುಬಾರಿಯಾಗುತ್ತಿತ್ತು. ಆ ವ್ಯತ್ಯಾಸ ತುಂಬಿಕೊಡಲು ಸರ್ಕಾರದ ನೆರವು ಬೇಕೇ ಬೇಕಿತ್ತು.

1949ರಲ್ಲಿ ಅವರಿಗೆ ಪಾರ್ಶ್ವವಾಯು ಬಡಿಯಿತು. ಮರುವರ್ಷ ವ್ಯವಹಾರದಿಂದ ಹಿಂದೆ ಸರಿದರು. 1952ರ ಜನವರಿಯಲ್ಲಿ ಸರ್ಕಾರ ವಿಶಾಖಪಟ್ಟಣದ ಕಟ್ಟೆಯ ಮೂರನೇ ಎರಡು ಪಾಲು ಪಡೆಯಿತು, ಹೆಸರು ಹಿಂದೂಸ್ತಾನ್ ಶಿಪ್‌ಯಾರ್ಡ್ ಎಂದಾಯಿತು. 1953ರ ಏಪ್ರಿಲ್ 8ರಂದು ಗುಜರಾತಿನ ಸಿದ್ಧಪುರದಲ್ಲಿ ವಾಲ್‌ಚಂದ್ ತೀರಿಕೊಂಡರು. ಲಾಯಲ್ಟಿ ಮುಂಬೈ ಬಂದರು ಬಿಟ್ಟು ಆಗ 34 ವರ್ಷ, ಮೂರು ದಿನ ಕಳೆದಿತ್ತು.