ಆಚಾರ್ಯ ಪ್ರಫುಲ್ಲಚಂದ್ರ ರಾಯ್ (1861–1944)

ಭಾರತದಲ್ಲಿ ಆಧುನಿಕ ರಸಾಯನ ವಿಜ್ಞಾನ ಸಂಶೋಧನೆಗೆ ಬುನಾದಿ ಹಾಕಿದ ಆಚಾರ್ಯ ಪ್ರಫುಲ್ಲಚಂದ್ರ ರಾಯ್ ಅವರು 1861ರ ಆಗಸ್ಟ್ 2ರಂದು ಅಂದಿನ ಬಂಗಾಳದ ಜೆಸ್ಸೋರ್ ಜಿಲ್ಲೆಯ ರಾಡುಲಿ ಗ್ರಾಮದಲ್ಲಿ ಜನಿಸಿದರು. ಈ ಪ್ರದೇಶವು ಈಗ ಬಾಂಗ್ಲಾದೇಶದ ಖುಲ್ನಾ ಜಿಲ್ಲೆಗೆ ಸೇರಿದೆ. ಬಾಲ್ಯದಲ್ಲಿ ತಗುಲಿದ ಆಮಶಂಕೆಯಿಂದಾಗಿ ಶಾಲೆ ಬಿಡಬೇಕಾಯಿತು. ಆ ಅವಧಿಯನ್ನು ಅವರು ತಂದೆಯವರ ಗ್ರಂಥಭಂಡಾರದಲ್ಲಿ ಕಳೆದರು. ಮುಂದೆ ಗಿಲ್‌ಕ್ರಿಸ್ಟ್ ವಿದ್ಯಾರ್ಥಿವೇತನ ಪಡೆದು ಎಡಿನ್‌ಬರೋ ವಿಶ್ವವಿದ್ಯಾಲಯ ಸೇರಿ, 1887ರಲ್ಲಿ ಡಿ.ಎಸ್ಸಿ. ಪದವಿ ಗಳಿಸಿದರು.

1888ರಲ್ಲಿ ಸ್ವದೇಶಕ್ಕೆ ಮರಳಿದ ಅವರಿಗೆ ಸುಮಾರು ಒಂದು ವರ್ಷ ಉದ್ಯೋಗ ದೊರೆಯಲಿಲ್ಲ. 1889ರಲ್ಲಿ ಕಲ್ಕತ್ತಾದ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಮಾಸಿಕ 250 ರೂಪಾಯಿ ವೇತನದ ತಾತ್ಕಾಲಿಕ ಸಹಾಯಕ ಪ್ರಾಧ್ಯಾಪಕ ಹುದ್ದೆ ದೊರೆಯಿತು. ವಿದ್ಯಾ ಇಲಾಖೆಯ ಉನ್ನತ ಶ್ರೇಣಿಯು ಆಗ ಬಹುಮಟ್ಟಿಗೆ ಆಂಗ್ಲರಿಗೇ ಮೀಸಲಾಗಿತ್ತು. ಇಂತಹ ಸ್ಥಿತಿಯಲ್ಲಿಯೇ 1896ರಲ್ಲಿ ಅವರು ಮರ್ಕ್ಯುರಸ್ ನೈಟ್ರೈಟ್ ಎಂಬ ಸಂಯುಕ್ತದ ಶೋಧವನ್ನು ಪ್ರಕಟಿಸಿದರು. ಪಾದರಸದ ಮೇಲೆ ದುರ್ಬಲ ನೈಟ್ರಿಕ್ ಆಮ್ಲ ವರ್ತಿಸಿದಾಗ ಉಂಟಾದ ಹಳದಿ ಹರಳುಗಳೇ ಈ ಶೋಧಕ್ಕೆ ಕಾರಣವಾದವು.

ವಿದ್ಯಾವಂತ ಯುವಕರು ಗುಮಾಸ್ತಗಿರಿಯನ್ನೇ ನೆಚ್ಚಿಕೊಂಡಿರುವುದು ಅವರನ್ನು ಚಿಂತೆಗೀಡುಮಾಡಿತ್ತು. ಆದ್ದರಿಂದ 1892ರಲ್ಲಿ, ತಮ್ಮ ಅಲ್ಪ ಉಳಿತಾಯವನ್ನೇ ಬಂಡವಾಳವಾಗಿಸಿ, ಬಾಡಿಗೆ ಮನೆಯಲ್ಲಿ ಬೆಂಗಾಲ್ ಕೆಮಿಕಲ್ ಸಂಸ್ಥೆಯನ್ನು ಆರಂಭಿಸಿದರು. ಫಾಸ್ಫೇಟ್ ತಯಾರಿಕೆಗೆಂದು ಕಸಾಯಿಖಾನೆಯ ಮೂಳೆಗಳನ್ನು ತರಿಸಿ ಮಾಳಿಗೆಯ ಮೇಲೆ ಒಣಗಿಸುತ್ತಿದ್ದರು. ಕಾಗೆಗಳು ಅವನ್ನು ಅಕ್ಕಪಕ್ಕದ ಮನೆಗಳ ಮೇಲೆ ಬೀಳಿಸಿದ್ದರಿಂದ ನೆರೆಹೊರೆಯವರ ಆಕ್ಷೇಪಣೆಯನ್ನೂ ಎದುರಿಸಬೇಕಾಯಿತು! 1901ರಲ್ಲಿ ಈ ಉದ್ಯಮವು ನಿಯಮಿತ ಕಂಪನಿಯಾಯಿತು, 1980ರಲ್ಲಿ ರಾಷ್ಟ್ರೀಕರಣಗೊಂಡಿತು.

1916ರಲ್ಲಿ ಸರ್ಕಾರಿ ಸೇವೆಯಿಂದ ನಿವೃತ್ತರಾಗಿ, ಕಲ್ಕತ್ತಾ ವಿಶ್ವವಿದ್ಯಾಲಯದ ವಿಜ್ಞಾನ ಕಾಲೇಜಿನ ಪಾಲಿತ್ ಪ್ರಾಧ್ಯಾಪಕರಾದರು. 1921ರಲ್ಲಿ ಅರವತ್ತು ವರ್ಷ ತುಂಬಿದಾಗ, ಇನ್ನು ಮುಂದಿನ ತಮ್ಮ ವೇತನವೆಲ್ಲವೂ ರಸಾಯನ ವಿಜ್ಞಾನ ವಿಭಾಗದ ಅಭಿವೃದ್ಧಿಗೆ ವಿನಿಯೋಗವಾಗಲೆಂದು ವಿಶ್ವವಿದ್ಯಾಲಯಕ್ಕೆ ಒಪ್ಪಿಸಿದರು. 1936ರವರೆಗೆ, ಅಂದರೆ ಹದಿನೈದು ವರ್ಷ, ಈ ಏರ್ಪಾಡು ನಡೆಯಿತು. ಒಂದು ಕಾಲಕ್ಕೆ 250 ರೂಪಾಯಿಗೆ ದುಡಿದವರು ಈ ತೀರ್ಮಾನ ಕೈಗೊಂಡರೆಂಬುದು ಗಮನಾರ್ಹ. ಅವಿವಾಹಿತರಾಗಿದ್ದ ಅವರಿಗೆ ಕಾಲೇಜಿನ ಕೊಠಡಿಯೇ ಮನೆಯಾಗಿತ್ತು.

1924ರಲ್ಲಿ ಸ್ಥಾಪನೆಯಾದ ಇಂಡಿಯನ್ ಕೆಮಿಕಲ್ ಸೊಸೈಟಿಗೆ ಅವರೇ ಪ್ರಥಮ ಅಧ್ಯಕ್ಷರು. ಮೇಘನಾದ ಸಹಾ, ಸತ್ಯೇಂದ್ರನಾಥ ಬೋಸ್ ಅವರ ಶಿಷ್ಯರಾಗಿದ್ದರು. ಇನ್ನೊಬ್ಬ ಶಿಷ್ಯ ಜ್ಞಾನಚಂದ್ರ ಘೋಷ್ ಅವರು 1939ರಿಂದ 1948ರವರೆಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದರು.

ಆಚಾರ್ಯರು 1944ರ ಜೂನ್ 16ರಂದು ಅದೇ ಕಾಲೇಜು ಕೊಠಡಿಯಲ್ಲಿ ನಿಧನರಾದರು. ಅವರ ಜನ್ಮದಿನದ ಅಂಗವಾಗಿ ವಿಶ್ವವಿದ್ಯಾಲಯಗಳು ಹಾಗೂ ವಿಜ್ಞಾನ ಸಂಸ್ಥೆಗಳಲ್ಲಿ ರಸಾಯನ ವಿಜ್ಞಾನದ ವಿಚಾರ ಸಂಕಿರಣಗಳನ್ನೂ ಸ್ಮಾರಕ ಉಪನ್ಯಾಸಗಳನ್ನೂ ಏರ್ಪಡಿಸಲಾಗುತ್ತದೆ.