ಎರಡನೆಯ ದೂತ

ಕಾಲುದಾರಿಯಲ್ಲಿ ನಡೆದು ಹೋಗುವವನ ಮುಂದೆ ಹಾವೊಂದು ಸರಕ್ಕನೆ ಹರಿದುಹೋದರೆ ಏನಾಗುತ್ತದೆಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ. ಎದೆ ಡವಡವನೆ ಹೊಡೆದುಕೊಳ್ಳುತ್ತದೆ; ಉಸಿರಾಟ ಬಿರುಸಾಗುತ್ತದೆ; ಕಾಲುಗಳಿಗೆ ಎಲ್ಲಿಲ್ಲದ ಕಸುವು ಬರುತ್ತದೆ. ಇವು ಯಾವುವೂ ಹೆದರಿದವನು ಯೋಚಿಸಿ ಮಾಡುವ ಕೆಲಸಗಳಲ್ಲ. ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ಎಂಬ ಹಾರ್ಮೋನನ್ನು ರಕ್ತಕ್ಕೆ ಸುರಿಸುತ್ತವೆ. ಅದು ಯಕೃತ್ತನ್ನು ತಲಪಿದಾಗ ಅಲ್ಲಿ ಗ್ಲೈಕೋಜೆನ್ ರೂಪದಲ್ಲಿ ಕೂಡಿಟ್ಟಿದ್ದ ಸಕ್ಕರೆ ಕರಗಿ, ಗ್ಲೂಕೋಸಾಗಿ ರಕ್ತಕ್ಕೆ ಇಳಿಯುತ್ತದೆ. ಓಡುವುದಕ್ಕೋ ಹೋರಾಡುವುದಕ್ಕೋ ಬೇಕಾದ ಇಂಧನ ಹೀಗೆ ಒದಗುತ್ತದೆ.

ಜಪಾನಿನ ವಿಜ್ಞಾನಿ ಜೋಕಿಚಿ ತಕಮೀನೆ 1901ರ ಹೊತ್ತಿಗೇ ಅಡ್ರಿನಲಿನ್ನನ್ನು ಹರಳುಗಳ ರೂಪದಲ್ಲಿ ಬೇರ್ಪಡಿಸಿದ್ದರು. ಅದು ದೇಹದ ಮೇಲೆ ಬೀರುವ ಪರಿಣಾಮಗಳನ್ನು ವೈದ್ಯರು ಬಲ್ಲವರಾಗಿದ್ದರು. ಆದರೆ ರಕ್ತದಲ್ಲಿ ತೇಲಿಬಂದ ಒಂದು ರಾಸಾಯನಿಕವು ಜೀವಕೋಶದ ಒಳಗಿನ ವ್ಯವಹಾರವನ್ನು ಹೇಗೆ ಬದಲಿಸುತ್ತದೆ? ಅರ್ಧ ಶತಮಾನ ಕಳೆದರೂ ಈ ಪ್ರಶ್ನೆಗೆ ಉತ್ತರ ದೊರೆತಿರಲಿಲ್ಲ. ಆ ಉತ್ತರವನ್ನು ಹುಡುಕುವುದರಲ್ಲಿ ತಮ್ಮ ಬಾಳನ್ನೇ ಸವೆಸಿದವರು ಅಮೆರಿಕದ ಅರ್ಲ್ ವಿಲ್ಬರ್ ಸದರ್ಲೆಂಡರು.

ಸದರ್ಲೆಂಡರು 1915ರ ನವೆಂಬರ್ 19ರಂದು ಕ್ಯಾನ್ಸಸ್ ಸಂಸ್ಥಾನದ ಬರ್ಲಿಂಗೇಮ್ ಎಂಬ ಚಿಕ್ಕ ಊರಿನಲ್ಲಿ ಜನಿಸಿದರು. ಆರು ಮಂದಿ ಮಕ್ಕಳಲ್ಲಿ ಇವರು ಐದನೆಯವರು. ಮೊದಲು ಬೇಸಾಯಗಾರರಾಗಿದ್ದ ತಂದೆ, ಬರ್ಲಿಂಗೇಮಿಗೆ ಬಂದು ಜವಳಿ ಅಂಗಡಿಯೊಂದನ್ನು ನಡೆಸುತ್ತಿದ್ದರು. ಬಾಲಕ ಅರ್ಲ್ ಆಟಗಳಲ್ಲಿ ಮುಂದಾಳು. ಮೀನು ಹಿಡಿಯುವುದೆಂದರೆ ಅವನಿಗೆ ಎಲ್ಲಿಲ್ಲದ ಹಿಗ್ಗು. ಗಾಳ ಹಾಕಿ ಗಂಟೆಗಟ್ಟಲೆ ನೀರಿನತ್ತ ಕಣ್ಣಿಟ್ಟು ಕೂರುವ ಆ ತಾಳ್ಮೆ ಮುಂದೆ ಪ್ರಯೋಗಾಲಯದಲ್ಲಿಯೂ ಅವರ ಕೈಬಿಡಲಿಲ್ಲ.

ಆದರೆ ಸುಖದ ದಿನಗಳು ಬಹುಕಾಲ ಉಳಿಯಲಿಲ್ಲ. 1929ರಲ್ಲಿ ಆರಂಭವಾದ ಆರ್ಥಿಕ ಮುಗ್ಗಟ್ಟು ಅಮೆರಿಕವನ್ನೆಲ್ಲ ಆವರಿಸಿತು. ತಂದೆಯ ವ್ಯಾಪಾರ ಕುಸಿಯಿತು. ಟೊಪೀಕಾದ ವಾಷ್‌ಬರ್ನ್ ಕಾಲೇಜಿಗೆ ಸೇರಿದ ತರುಣ ಸದರ್ಲೆಂಡರಿಗೆ ಮನೆಯಿಂದ ಹಣ ಬರುವ ಭರವಸೆ ಇರಲಿಲ್ಲ. ಅವರು ವಿದ್ಯಾರ್ಥಿವೇತನವನ್ನು ಸಂಪಾದಿಸಿದರು. ಅದು ಸಾಲದಾದಾಗ ಆಸ್ಪತ್ರೆಯಲ್ಲಿ ರೋಗಿಗಳ ಪರಿಚಾರಕರಾಗಿ ದುಡಿದರು. ಹೀಗೆ ತಮ್ಮ ಕಾಲಮೇಲೆ ತಾವೇ ನಿಂತು 1937ರಲ್ಲಿ ಪದವಿ ಪಡೆದು, ಸೇಂಟ್ ಲೂಯಿಯ ವಾಷಿಂಗ್ಟನ್ ವಿಶ್ವವಿದ್ಯಾನಿಲಯದಲ್ಲಿ ವೈದ್ಯಶಿಕ್ಷಣಕ್ಕೆ ಸೇರಿದರು.

ಅಲ್ಲಿ ಅವರಿಗೆ ದೊರೆತ ಗುರು ಕಾರ್ಲ್ ಕೋರಿ. ಕಾರ್ಲ್ ಮತ್ತು ಅವರ ಪತ್ನಿ ಗರ್ಟಿ ಕೋರಿ, ದೇಹದಲ್ಲಿ ಸಕ್ಕರೆ ಕೂಡುವ ಮತ್ತು ಕರಗುವ ಬಗೆಯನ್ನು ಬಿಡಿಸಿ ತೋರಿಸಿ, 1947ರಲ್ಲಿ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡ ದಂಪತಿಗಳು. ಸದರ್ಲೆಂಡರು 1942ರಲ್ಲಿ ವೈದ್ಯ ಪದವಿ ಪಡೆದಾಗ ಎರಡನೆಯ ಮಹಾಯುದ್ಧ ನಡೆಯುತ್ತಿತ್ತು. ಅವರು ಜನರಲ್ ಪ್ಯಾಟನ್ನರ ಸೇನೆಯಲ್ಲಿ ವೈದ್ಯರಾಗಿ ಯುರೋಪಿನ ರಣರಂಗಕ್ಕೆ ಹೋದರು. ಯುದ್ಧ ಮುಗಿದು 1945ರಲ್ಲಿ ಹಿಂದಿರುಗಿದಾಗ ಅವರ ಮುಂದೆ ಎರಡು ದಾರಿಗಳಿದ್ದವು. ವೈದ್ಯವೃತ್ತಿ ಹಿಡಿದರೆ ಹಣವೂ ನೆಮ್ಮದಿಯೂ ಇತ್ತು. ಸಂಶೋಧನೆಯಲ್ಲಿ ಎರಡಕ್ಕೂ ಖಾತರಿ ಇರಲಿಲ್ಲ. ಕೋರಿಯವರ ಉಪದೇಶಕ್ಕಿಂತ ಅವರ ಬದುಕಿನ ಮಾದರಿಯೇ ಶಿಷ್ಯನ ಮನಸ್ಸನ್ನು ಸಂಶೋಧನೆಯತ್ತ ಒಲಿಸಿತು.

ಸದರ್ಲೆಂಡರು ಯಕೃತ್ತಿನ ತೆಳುವಾದ ಹೋಳುಗಳನ್ನು ತೆಗೆದುಕೊಂಡು ಅವುಗಳಿಗೆ ಅಡ್ರಿನಲಿನ್ ಸೇರಿಸಿ, ಗ್ಲೈಕೋಜೆನ್ ಕರಗುವುದನ್ನು ಅಳೆಯತೊಡಗಿದರು. ಈ ಕರಗುವಿಕೆಯಲ್ಲಿ ಅನೇಕ ಮೆಟ್ಟಿಲುಗಳುಂಟು. ಒಂದೊಂದು ಮೆಟ್ಟಿಲಿಗೂ ಒಂದೊಂದು ಕಿಣ್ವ ಉಂಟು. ಅಡ್ರಿನಲಿನ್ ಚುರುಕುಗೊಳಿಸುವುದು ಯಾವುದನ್ನು? ಹಲವು ವರ್ಷಗಳ ಪರಿಶ್ರಮದಿಂದ ಅದು ಫಾಸ್ಫಾರಿಲೇಸ್ ಎಂಬ ಕಿಣ್ವವೆಂದು ಅವರು ಕಂಡುಕೊಂಡರು. 1953ರಲ್ಲಿ ಅವರು ಕ್ಲೀವ್‌ಲೆಂಡಿನ ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾನಿಲಯದಲ್ಲಿ ಔಷಧವಿಜ್ಞಾನ ವಿಭಾಗದ ಮುಖ್ಯಸ್ಥರಾದರು. ಈ ಕಿಣ್ವಕ್ಕೆ ಫಾಸ್ಫೇಟಿನ ಒಂದು ಗುಂಪು ಅಂಟಿಕೊಂಡರೆ ಅದು ಎಚ್ಚರಗೊಳ್ಳುತ್ತದೆ, ಕಳಚಿಕೊಂಡರೆ ಮಲಗುತ್ತದೆ ಎಂಬುದು ಅಲ್ಲಿ ಅವರಿಗೂ ಸಹೋದ್ಯೋಗಿ ವಾಲ್ಟರ್ ವೊಸಿಲೇಟರಿಗೂ ತಿಳಿದುಬಂತು. ಅದೇ ಕಾಲದಲ್ಲಿ ಎಡ್ಮಂಡ್ ಫಿಷರ್ ಮತ್ತು ಎಡ್ವಿನ್ ಕ್ರೆಬ್ಸ್ ಸ್ನಾಯುಗಳಲ್ಲಿ ಇದನ್ನೇ ಬೇರೆಯಾಗಿ ಕಂಡಿದ್ದರು.

ಇಲ್ಲಿಯವರೆಗಿನ ದಾರಿ ಕಷ್ಟದ್ದಾದರೂ ನೇರವಾಗಿತ್ತು. ಮುಂದಿನ ಹೆಜ್ಜೆಗೆ ಧೈರ್ಯ ಬೇಕಾಗಿತ್ತು. ಹಾರ್ಮೋನುಗಳು ಇಡಿಯಾದ, ಜೀವಂತ ಕೋಶದ ಮೇಲೆ ಮಾತ್ರ ಕೆಲಸ ಮಾಡುತ್ತವೆ. ಕೋಶವನ್ನು ಒಡೆದರೆ ಅವುಗಳ ಪ್ರಭಾವವೂ ಅಳಿದುಹೋಗುತ್ತದೆ ಎಂಬ ನಂಬಿಕೆ ಅಂದಿನ ವಿಜ್ಞಾನಿಗಳಲ್ಲಿ ಬೇರೂರಿತ್ತು. ಅನೇಕರು ಪ್ರಯತ್ನಿಸಿ ಸೋತದ್ದರಿಂದಲೇ ಆ ನಂಬಿಕೆ ಬಲವಾಗಿತ್ತು. ಆದರೆ ಗಡಿಯಾರದ ಒಳಗನ್ನು ತಿಳಿಯಬೇಕಾದವನು ಅದನ್ನು ಬಿಚ್ಚದೆ ಇರಲಾದೀತೆ? ಸದರ್ಲೆಂಡರು ಥಿಯೊಡೋರ್ ರಾಲ್ ಮತ್ತು ಬೆಲ್ಜಿಯಮ್ಮಿನಿಂದ ಬಂದಿದ್ದ ಜಾಕ್ ಬರ್ಟೆ ಎಂಬುವರೊಡನೆ ಯಕೃತ್ತನ್ನು ಅರೆದು, ಕೋಶಗಳನ್ನು ಒಡೆದರು. ಆ ದ್ರವಕ್ಕೆ ಕೋಶದ ಶಕ್ತಿಮೂಲವಾದ ಎ.ಟಿ.ಪಿ.ಯನ್ನೂ ಮೆಗ್ನೀಸಿಯಮ್ಮನ್ನೂ ಬೆರೆಸಿ ಅಡ್ರಿನಲಿನ್ ಹಾಕಿದರು. ಫಾಸ್ಫಾರಿಲೇಸ್ ಎಚ್ಚರಗೊಂಡಿತು! ಒಡೆದ ಕೋಶದಲ್ಲಿಯೂ ಹಾರ್ಮೋನು ತನ್ನ ಕೆಲಸವನ್ನು ಮಾಡಿತ್ತು.

ಬಳಿಕ ಅವರು ಆ ದ್ರವವನ್ನು ಯಂತ್ರದಲ್ಲಿ ವೇಗವಾಗಿ ತಿರುಗಿಸಿ, ಅದರಲ್ಲಿದ್ದ ಪೊರೆಯ ಚೂರುಗಳನ್ನು ತಳಕ್ಕೆ ಇಳಿಸಿ ಬೇರ್ಪಡಿಸಿದರು. ಫಾಸ್ಫಾರಿಲೇಸ್ ಇದ್ದುದು ಮೇಲಿನ ತಿಳಿಯಲ್ಲಿ. ಆದರೆ ಬರಿಯ ತಿಳಿಗೆ ಅಡ್ರಿನಲಿನ್ ಹಾಕಿದಾಗ ಏನೂ ಆಗಲಿಲ್ಲ. ಪೊರೆಯ ಚೂರುಗಳನ್ನು ಮತ್ತೆ ಸೇರಿಸಿದಾಗ ಕೆಲಸ ನಡೆಯಿತು. ಹಾಗಾದರೆ ಗುಟ್ಟು ಪೊರೆಯಲ್ಲಿದೆಯೆಂದಾಯಿತು. ಆಗ ಅವರು ಚೂರುಗಳಿಗೆ ಮಾತ್ರ ಎ.ಟಿ.ಪಿ., ಮೆಗ್ನೀಸಿಯಮ್‌ಗಳೊಡನೆ ಅಡ್ರಿನಲಿನ್ ಬೆರೆಸಿ, ಸ್ವಲ್ಪ ಕಾಲ ಬಿಟ್ಟು, ಅದನ್ನು ಕಾಯಿಸಿದರು. ಕಾಯಿಸಿದರೆ ಕಿಣ್ವಗಳೆಲ್ಲ ಸತ್ತುಹೋಗುತ್ತವೆ. ಉಳಿದ ಆ ನೀರನ್ನು ತಿಳಿಗೆ ಹನಿಸಿದಾಗ ಫಾಸ್ಫಾರಿಲೇಸ್ ಮತ್ತೆ ಎಚ್ಚರಗೊಂಡಿತು. ಅಂದರೆ, ಅಡ್ರಿನಲಿನ್ ಪೊರೆಗೆ ತಗುಲಿದಾಗ ಯಾವುದೋ ಒಂದು ಹೊಸ ವಸ್ತು ಹುಟ್ಟುತ್ತದೆ. ಅದು ಬಿಸಿಗೂ ಜಗ್ಗದಷ್ಟು ಗಟ್ಟಿ, ಅತಿ ಸಣ್ಣ ಅಣು. ಕೋಶದ ಒಳಗೆ ಸುದ್ದಿ ಮುಟ್ಟಿಸುವುದು ಅದೇ.

ಆ ವಸ್ತು ಯಾವುದು? ಅದು ದೊರೆಯುತ್ತಿದ್ದುದು ಅತ್ಯಲ್ಪ ಪ್ರಮಾಣದಲ್ಲಿ. ಅದರ ರಚನೆಯನ್ನು ತಿಳಿಯಲು ನೆರವಾಗಬಲ್ಲ ಕಿಣ್ವವೊಂದನ್ನು ಕೋರಿ ಸದರ್ಲೆಂಡರು ಲಿಯಾನ್ ಹೆಪ್ಪೆಲ್ ಎಂಬ ಜೀವರಸಾಯನ ವಿಜ್ಞಾನಿಗೆ ಪತ್ರ ಬರೆದರು. ಅದೇ ಸುಮಾರಿಗೆ ಡೇವಿಡ್ ಲಿಪ್ಕಿನ್ ಎಂಬ ರಸಾಯನ ವಿಜ್ಞಾನಿ, ಎ.ಟಿ.ಪಿ.ಯನ್ನು ಬೇರಿಯಮ್ ಹೈಡ್ರಾಕ್ಸೈಡಿನೊಡನೆ ಕಾಯಿಸಿದಾಗ ವಿಚಿತ್ರವಾದ ವಸ್ತುವೊಂದು ದೊರೆತುದನ್ನು ಹೆಪ್ಪೆಲರಿಗೇ ಬರೆದು ತಿಳಿಸಿದ್ದರು. ಎರಡು ಪತ್ರಗಳನ್ನೂ ಓದಿದ ಹೆಪ್ಪೆಲರಿಗೆ ಇಬ್ಬರೂ ಒಂದೇ ವಸ್ತುವಿನ ಮಾತಾಡುತ್ತಿರುವರೆಂದು ಹೊಳೆಯಿತು. ಅವರು ಇಬ್ಬರಿಗೂ ಪರಸ್ಪರ ಪರಿಚಯ ಮಾಡಿಸಿಕೊಟ್ಟರು. ಸ್ವಾರಸ್ಯವೆಂದರೆ, ಲಿಪ್ಕಿನ್ನರು ಇದ್ದುದು ಸದರ್ಲೆಂಡರು ಬಿಟ್ಟುಬಂದ ಸೇಂಟ್ ಲೂಯಿಯ ಅದೇ ವಿಶ್ವವಿದ್ಯಾನಿಲಯದಲ್ಲಿ. ಹೀಗೆ ಆ ವಸ್ತು ಸೈಕ್ಲಿಕ್ ಎ.ಎಂ.ಪಿ. ಎಂದು ಗೊತ್ತಾಯಿತು. ಅದನ್ನು ತಯಾರಿಸುವ, ಪೊರೆಯಲ್ಲಿರುವ ಕಿಣ್ವಕ್ಕೆ ಅಡೆನಿಲ್ ಸೈಕ್ಲೇಸ್ ಎಂದು ಹೆಸರಾಯಿತು.

ಕೋಟೆಯ ಬಾಗಿಲಿಗೆ ಹೊರನಾಡಿನ ದೂತನೊಬ್ಬನು ಬರುತ್ತಾನೆ. ಅವನಿಗೆ ಒಳಗೆ ಪ್ರವೇಶವಿಲ್ಲ. ಅವನು ತಂದ ಸುದ್ದಿಯನ್ನು ಬಾಗಿಲಲ್ಲಿ ಕೇಳಿಕೊಂಡು, ಒಳಗಿನ ದೂತನೊಬ್ಬನು ಅರಮನೆಯ ಊಳಿಗದವರಿಗೆಲ್ಲ ಮುಟ್ಟಿಸುತ್ತಾನೆ. ಅಡ್ರಿನಲಿನ್ ಮೊದಲನೆಯ ದೂತ; ಸೈಕ್ಲಿಕ್ ಎ.ಎಂ.ಪಿ. ಎರಡನೆಯ ದೂತ. ಸದರ್ಲೆಂಡರ ಸಿದ್ಧಾಂತದ ತಿರುಳು ಇದೇ.

ಈ ಸಿದ್ಧಾಂತವನ್ನು ಎಲ್ಲರೂ ಕೂಡಲೇ ಒಪ್ಪಲಿಲ್ಲ. ಬೇರೆ ಬೇರೆ ಹಾರ್ಮೋನುಗಳು ಬೇರೆ ಬೇರೆ ಅಂಗಗಳಲ್ಲಿ ಇದೇ ಅಣುವನ್ನು ಹುಟ್ಟಿಸುತ್ತವೆಂದು ಸದರ್ಲೆಂಡರು ತೋರಿಸುತ್ತ ಹೋದಂತೆ ಸಂಶಯವೂ ಬೆಳೆಯಿತು. ಒಂದೇ ದೂತನು ಇಷ್ಟೊಂದು ಬಗೆಯ ಆಜ್ಞೆಗಳನ್ನು ಹೊರಲು ಸಾಧ್ಯವೆ ಎಂದು ಹಲವರು ಶಂಕಿಸಿದರು. ಶಾಲೆಯ ಗಂಟೆಯನ್ನು ನೆನೆದರೆ ಇದರ ಉತ್ತರ ತಿಳಿಯುತ್ತದೆ. ಬಾರಿಸುವ ಗಂಟೆ ಒಂದೇ. ಆದರೆ ಅದನ್ನು ಕೇಳಿ ಒಂದು ತರಗತಿಯವರು ಆಟದ ಬಯಲಿಗೆ ಹೋದರೆ, ಇನ್ನೊಂದು ತರಗತಿಯವರು ಗಣಿತದ ಪುಸ್ತಕ ತೆರೆಯುತ್ತಾರೆ. ಹಾಗೆಯೇ ಪ್ರತಿಯೊಂದು ಬಗೆಯ ಕೋಶವೂ ತನಗೆ ಬೇಕಾದ ಹಾರ್ಮೋನನ್ನು ಗುರುತಿಸುವ ಗ್ರಾಹಕಗಳನ್ನು ಪೊರೆಯಲ್ಲಿ ಹೊಂದಿದೆ. ಒಳಗಿನ ಗಂಟೆ ಬಾರಿಸಿದಾಗ ತನಗೆ ವಿಧಿಸಿದ ಕೆಲಸವನ್ನು ಮಾಡುತ್ತದೆ. ಅಡ್ರಿನಲಿನ್ನಿಗೆ ಆಲ್ಫಾ, ಬೀಟಾ ಎಂಬ ಎರಡು ಬಗೆಯ ಗ್ರಾಹಕಗಳಿರಬೇಕೆಂದು ರೇಮಂಡ್ ಆಲ್‌ಕ್ವಿಸ್ಟ್ 1948ರಲ್ಲಿಯೇ ಸೂಚಿಸಿದ್ದರು. ಬೀಟಾ ಗ್ರಾಹಕಕ್ಕೂ ಅಡೆನಿಲ್ ಸೈಕ್ಲೇಸಿಗೂ ನಿಕಟ ಸಂಬಂಧವಿದೆಯೆಂದು ಸದರ್ಲೆಂಡರ ತಂಡ ಮುಂದೆ ವಾದಿಸಿತು.

ಸಂಶೋಧನೆಗೆ ಹೆಚ್ಚು ಕಾಲ ದೊರೆಯಲೆಂದು ಸದರ್ಲೆಂಡರು 1963ರಲ್ಲಿ ನ್ಯಾಶ್‌ವಿಲ್‌ನ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾನಿಲಯಕ್ಕೆ ಬಂದರು. 1965ರಲ್ಲಿ ಅವರೂ ಅವರ ಸಹೋದ್ಯೋಗಿ ಮಾಕ್‌ಮನ್ನರೂ ಬ್ಯಾಕ್ಟೀರಿಯಗಳಲ್ಲಿಯೂ ಸೈಕ್ಲಿಕ್ ಎ.ಎಂ.ಪಿ. ಇರುವುದನ್ನು ತೋರಿಸಿದರು. ಗ್ರಂಥಿಗಳಾಗಲಿ ರಕ್ತವಾಗಲಿ ಇಲ್ಲದ ಆ ಸೂಕ್ಷ್ಮಜೀವಿಯಲ್ಲಿ ಗ್ಲೂಕೋಸ್ ಬರಿದಾದಾಗ ಈ ಅಣು ಏರುತ್ತದೆ. ಸೃಷ್ಟಿಯಲ್ಲಿ ಇದು ಅತಿ ಪ್ರಾಚೀನವಾದ ಸಂಜ್ಞೆಯೆಂಬುದು ಸ್ಪಷ್ಟವಾಯಿತು.

ಈ ಜ್ಞಾನ ಪ್ರಯೋಗಾಲಯದ ಗೋಡೆಗಳ ನಡುವೆಯೇ ಉಳಿಯಲಿಲ್ಲ. ಕಾಲರಾ ರೋಗಾಣು ಒಂದು ಬಗೆಯ ವಿಷವನ್ನು ಸ್ರವಿಸುತ್ತದೆಂದು ಕಲ್ಕತ್ತೆಯ ಶಂಭುನಾಥ ಡೇ 1959ರಲ್ಲಿ ತೋರಿಸಿಕೊಟ್ಟಿದ್ದರು. ಆ ವಿಷವು ಕರುಳಿನ ಕೋಶಗಳಲ್ಲಿ ಸೈಕ್ಲಿಕ್ ಎ.ಎಂ.ಪಿ.ಯನ್ನು ಮಿತಿಮೀರಿ ಏರಿಸುವುದರಿಂದಲೇ ದೇಹದ ನೀರೂ ಉಪ್ಪೂ ಹೊರಗೆ ಹರಿದುಹೋಗುತ್ತವೆಂದು ಮುಂದೆ ತಿಳಿಯಿತು. ಸಾವಿರಾರು ಹಳ್ಳಿಗಳನ್ನು ಬರಿದು ಮಾಡಿದ ಮಾರಿಯ ಮರ್ಮ, ಯಕೃತ್ತಿನ ಹೋಳಿನಿಂದ ಹೊರಟ ಪ್ರಶ್ನೆಯ ಬೆಳಕಿನಲ್ಲಿ ಗೋಚರವಾಯಿತು.

1971ರಲ್ಲಿ ವೈದ್ಯವಿಜ್ಞಾನದ ನೊಬೆಲ್ ಪಾರಿತೋಷಕ ಸದರ್ಲೆಂಡರೊಬ್ಬರಿಗೇ ಸಂದಿತು. 1973ರಲ್ಲಿ ಅವರು ಮಯಾಮಿ ವಿಶ್ವವಿದ್ಯಾನಿಲಯವನ್ನು ಸೇರಿದರು. ಆದರೆ ಅಲ್ಲಿ ಹೆಚ್ಚು ಕಾಲ ದುಡಿಯುವ ಯೋಗ ಅವರಿಗಿರಲಿಲ್ಲ. ಆಂತರಿಕ ರಕ್ತಸ್ರಾವದಿಂದ 1974ರ ಮಾರ್ಚ್ 9ರಂದು ತೀರಿಕೊಂಡರು. ಆಗ ಅವರಿಗೆ ಐವತ್ತೆಂಟು ವರ್ಷ.

ಅವರು ಎತ್ತಿದ ಪ್ರಶ್ನೆ ಅವರೊಡನೆ ಮುಗಿಯಲಿಲ್ಲ. ಪೊರೆಯ ಗ್ರಾಹಕವನ್ನೂ ಅಡೆನಿಲ್ ಸೈಕ್ಲೇಸನ್ನೂ ಬೆಸೆಯುವ ಜಿ-ಪ್ರೋಟೀನನ್ನು ಕಂಡುಹಿಡಿದುದಕ್ಕಾಗಿ ಆಲ್‌ಫ್ರೆಡ್ ಗಿಲ್ಮನ್ ಮತ್ತು ಮಾರ್ಟಿನ್ ರಾಡ್‌ಬೆಲ್ 1994ರಲ್ಲಿ ನೊಬೆಲ್ ಪಡೆದರು. ಗಿಲ್ಮನ್ನರು ಸದರ್ಲೆಂಡರ ಒಡನಾಡಿ ರಾಲರ ಶಿಷ್ಯರು. ಗ್ರಾಹಕಗಳ ಸ್ವರೂಪವನ್ನೇ ಬಯಲಿಗೆ ತಂದ ರಾಬರ್ಟ್ ಲೆಫ್ಕೊವಿಟ್ಜ್ ಮತ್ತು ಬ್ರಯನ್ ಕೊಬಿಲ್ಕರಿಗೆ 2012ರಲ್ಲಿ ರಸಾಯನ ವಿಜ್ಞಾನದ ನೊಬೆಲ್ ದೊರೆಯಿತು.

ಸದರ್ಲೆಂಡರು ಹಿಡಿದುದು ಒಂದೇ ಒಂದು ಪ್ರಶ್ನೆ. ಅಡ್ರಿನಲಿನ್ ಬಂದಾಗ ಯಕೃತ್ತು ಸಕ್ಕರೆಯನ್ನು ಬಿಡುವುದು ಹೇಗೆ ಎಂಬ ಆ ಪ್ರಶ್ನೆಯನ್ನು ಅವರು ಕಾಲು ಶತಮಾನ ಕಾಲ ಕೈಬಿಡಲಿಲ್ಲ. ಆಗದೆಂದು ಹಿರಿಯರು ಹೇಳಿದ್ದನ್ನು ಪರೀಕ್ಷಿಸದೆ ಒಪ್ಪಲಿಲ್ಲ. ಕಂಡದ್ದನ್ನು ಇತರರು ಶಂಕಿಸಿದಾಗ ಮುನಿಯದೆ ಇನ್ನೊಂದು ಪ್ರಯೋಗ ಮಾಡಿದರು. ಅಂಗೈಯಗಲದ ಯಕೃತ್ತಿನ ತುಣುಕಿನಲ್ಲಿ ತೊಡಗಿದ ಹುಡುಕಾಟ, ಸೂಕ್ಷ್ಮಜೀವಿಯಿಂದ ಮನುಷ್ಯನವರೆಗೆ ಹಬ್ಬಿದ ಜೀವಲೋಕದ ಒಂದು ಸಾಮಾನ್ಯ ನಿಯಮವನ್ನು ನಮಗೆ ತಿಳಿಸಿಕೊಟ್ಟಿತು. ಸಣ್ಣ ಪ್ರಶ್ನೆಯನ್ನು ಆಳವಾಗಿ ಅಗೆದವನಿಗೆ ದೊಡ್ಡ ಸತ್ಯ ದೊರೆಯುತ್ತದೆಂಬುದಕ್ಕೆ ಅವರ ಜೀವನವೇ ಸಾಕ್ಷಿ.